ಊರ ಪಕ್ಕದ ಕಾಡಲ್ಲಿ ಒಂದು ರಾತ್ರಿ: ರಸ್ತೆ ಬದಿಯೋ, ಗುರುತು ಹಾಕಿದ ಜಾಗವೋ, ನಡೆದು ಹೋಗಿ ಮಲಗುವುದೋ?

ನಲ್ಲಿ ಇಲ್ಲ, ಕಕ್ಕಸು ಇಲ್ಲ, ದೀಪ ಇಲ್ಲ. ಬುಕಿಂಗ್ ಇಲ್ಲ, ಬಾಡಿಗೆಯೂ ಇಲ್ಲ. ಕಾಡಿನ ನೆಲ, ಅದರ ಮೇಲೊಂದು ಟೆಂಟ್, ಅಷ್ಟೇ. ಇಂಥ ಕ್ಯಾಂಪಿಂಗ್ ಮಾಡಬೇಕು ಅನ್ನುವವರಲ್ಲಿ ಬಹಳ ಜನಕ್ಕೆ ಸಿಗುವುದು ಒಂದೇ ರಾತ್ರಿ. ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ಊಟದ ಹೊತ್ತಿಗೆ ಮನೆ ಸೇರಬೇಕು. ಹಾಗಾಗಿ ಕಾಡು ಊರಿಗೆ ಹತ್ತಿರವೇ ಇರಬೇಕು. ಈ ಬರಹ ಅಂಥವರಿಗೆ.

ಹತ್ತಿರದ ಕಾಡು ಅಂದರೆ ಸುಲಭದ ಕಾಡು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ದೂರದ ಕಾಡಿನಲ್ಲಿ ಯೋಚನೆ ಮಾಡಬೇಕಾದದ್ದು ಮಳೆ, ಚಳಿ, ಪ್ರಾಣಿ. ಊರ ಪಕ್ಕದ ಕಾಡಿನಲ್ಲಿ ಇವುಗಳ ಜೊತೆಗೆ ಜನವೂ ಸೇರುತ್ತಾರೆ. ನಿಮಗೆ ಹತ್ತಿರ ಇರುವ ಕಾಡು ಇನ್ನೂ ಸಾವಿರಾರು ಜನಕ್ಕೆ ಹತ್ತಿರ, ಅಲ್ವಾ? ನಾನು ಕಂಡ ಹಾಗೆ, ಅಲ್ಲಿ ರಾತ್ರಿ ನೆಮ್ಮದಿಯಾಗಿ ಕಳೆಯುವುದು ಟೆಂಟು ಎಷ್ಟು ಬೆಲೆಯದು ಅನ್ನುವುದರ ಮೇಲೆ ನಿಂತಿಲ್ಲ. ಕಾರು ನಿಲ್ಲಿಸಿದ ಮೇಲೆ ನೀವು ಎಷ್ಟು ದೂರ ನಡೆದಿರಿ ಅನ್ನುವುದರ ಮೇಲೆ ನಿಂತಿದೆ.

ಮುಂದಿರುವ ದಾರಿ ಮೂರು. ಕಾಡಿನ ಮಣ್ಣುರಸ್ತೆಯ ಪಕ್ಕದಲ್ಲೇ ಕಾರು ನಿಲ್ಲಿಸಿ ಮಲಗುವುದು ಒಂದು. ಅರಣ್ಯ ನೋಡಿಕೊಳ್ಳುವವರೇ ಗುರುತು ಹಾಕಿ ಬಿಟ್ಟಿರುವ ಉಚಿತ ಜಾಗಕ್ಕೆ ಹೋಗುವುದು ಎರಡನೆಯದು. ಚೀಲ ಬೆನ್ನಿಗೆ ಹಾಕಿಕೊಂಡು ನಡೆದು, ನಿಮಗೆ ನೀವೇ ಜಾಗ ಹುಡುಕಿಕೊಳ್ಳುವುದು ಮೂರನೆಯದು. ಆದರೆ ಯಾವುದಕ್ಕೂ ಮೊದಲು ಒಂದು ಕೆಲಸ ಮುಗಿಸಿಕೊಳ್ಳಬೇಕು.

ಅಲ್ಲಿ ಮಲಗಬಹುದಾ, ಇಲ್ಲವಾ?

ಇದು ದೇಶದಿಂದ ದೇಶಕ್ಕೆ, ಕಾಡಿನಿಂದ ಕಾಡಿಗೆ ಬದಲಾಗುತ್ತದೆ. ನಾರ್ವೆಯಲ್ಲಿ 1957ರ ಕಾಯ್ದೆಯೇ ಜನರಿಗೆ ಈ ಹಕ್ಕು ಕೊಟ್ಟಿದೆ. ಬೇಸಾಯ ಇಲ್ಲದ ನೆಲದಲ್ಲಿ, ಜನ ವಾಸವಿರುವ ಮನೆಯಿಂದ 150 ಮೀಟರ್ ಆಚೆ, ಯಾರನ್ನೂ ಕೇಳದೆ ಎರಡು ದಿನದವರೆಗೆ ಟೆಂಟ್ ಹಾಕಬಹುದು. ಓಸ್ಲೊದಲ್ಲಿ ಮೆಟ್ರೊ ಹತ್ತಿ ಒಂದನೇ ಮಾರ್ಗದ ಕೊನೆಯ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಕಾಡು. ಊರಿಗೆ ಅಂಟಿಕೊಂಡ ಕಾಡು ಅಂದರೆ ಹೀಗಿರಬೇಕು ಅನ್ನಿಸುತ್ತದೆ. ಆದರೂ ಅಲ್ಲಿ ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆಗಳ ದಡದಲ್ಲಿ ಟೆಂಟ್ ಹಾಕುವಂತಿಲ್ಲ.

ಸ್ಕಾಟ್ಲೆಂಡಿನ ಕತೆ ಊರ ಪಕ್ಕದ ಕಾಡಿನ ಬಗ್ಗೆ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. 2003ರ ಭೂ ಸುಧಾರಣೆ ಕಾಯ್ದೆ ಅಲ್ಲಿ ಜನರಿಗೆ ಬಯಲಲ್ಲಿ ಮಲಗುವ ಹಕ್ಕು ಕೊಟ್ಟಿತು. ಗ್ಲಾಸ್ಗೊ ನಗರಕ್ಕೆ ಹತ್ತಿರವಿರುವ ಲಾಕ್ ಲೋಮಂಡ್ ಸರೋವರದ ದಡಗಳಿಗೆ ಜನ ಎಷ್ಟು ಬಂದರು ಅಂದರೆ, ಕಸ, ಕಡಿದ ಮರ, ಸುಟ್ಟ ನೆಲ ನೋಡಿ ನೋಡಿ ಸಾಕಾಗಿ 2017ರಿಂದ ಅಲ್ಲಿನ ಹಲವು ಜಾಗಗಳಿಗೆ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ದುಡ್ಡು ಕೊಟ್ಟು ಪರ್ಮಿಟ್ ತೆಗೆದುಕೊಳ್ಳಬೇಕು ಅಂತ ನಿಯಮ ಬಂತು. ಇಡೀ ನಾಡಿಗೆ ಇದ್ದ ಹಕ್ಕು, ಊರಿಗೆ ಹತ್ತಿರ ಇದ್ದ ದಡದಲ್ಲೇ ಮೊದಲು ಕಮ್ಮಿಯಾಯಿತು. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಉಚಿತ ಜಾಗ ಕಳೆದುಹೋಗುವುದು ಹೀಗೆ.

ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕಡೆ 14 ದಿನದವರೆಗೆ ಕಾಸಿಲ್ಲದೆ ಇರಬಹುದು. ಆದರೆ ಒಂದೊಂದು ಕಾಡಿಗೂ ತನ್ನದೇ ಷರತ್ತು. ಹ್ಯೂಸ್ಟನ್ ನಗರದ ಉತ್ತರಕ್ಕಿರುವ ಸ್ಯಾಮ್ ಹ್ಯೂಸ್ಟನ್ ಕಾಡಿನಲ್ಲಿ ಜಿಂಕೆ ಬೇಟೆಯ ಕಾಲ ಬಂತೆಂದರೆ ಗುರುತು ಹಾಕಿದ ಜಾಗಗಳಲ್ಲಿ ಮಾತ್ರ ಮಲಗಬೇಕು. ನ್ಯೂಯಾರ್ಕ್ ನಗರದವರು ಓಡಿ ಹೋಗುವ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ರಸ್ತೆ, ಕಾಲುದಾರಿ, ನೀರು ಈ ಮೂರರಿಂದಲೂ 150 ಅಡಿ ದೂರ ಇರಬೇಕು. ಮೂರು ರಾತ್ರಿಗಿಂತ ಜಾಸ್ತಿ ಇರುವುದಾದರೆ, ಅಥವಾ ಗುಂಪಲ್ಲಿ ಹತ್ತು ಜನ ಆದರೆ, ಪರ್ಮಿಟ್ ಬೇಕು. ಜರ್ಮನಿಯಲ್ಲಿ ಬಹುತೇಕ ಕಡೆ ಇಂಥ ಕ್ಯಾಂಪಿಂಗ್‌ಗೆ ಅವಕಾಶವೇ ಇಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಮಾತೇ ಇಲ್ಲ.

ಹಾಗಾಗಿ ಯಾರೋ ಹೋಗಿ ಬಂದರಂತೆ ಅನ್ನುವುದನ್ನು ನಂಬಿ ಹೊರಡಬೇಡಿ. ಆ ಕಾಡು ಯಾರ ಕೈಯಲ್ಲಿದೆ ಅಂತ ನೋಡಿ ಅವರಿಗೇ ಫೋನ್ ಮಾಡಿ. ನಾಲ್ಕು ಪ್ರಶ್ನೆ ಸಾಕು. ರಾತ್ರಿ ಮಲಗಬಹುದಾ? ಬೆಂಕಿ ಹಾಕಬಹುದಾ? ಈಗ ಬೇಟೆಯ ಕಾಲವಾ? ಕಾರನ್ನು ರಾತ್ರಿಯಿಡೀ ಬಿಡಬಹುದಾ? ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಮಲಗಲು ದುಡ್ಡಿಲ್ಲ ಅಂತ ಖುಷಿಯಾಗಿ ಹೋಗಿ, ಕತ್ತಲಾದ ಮೇಲೆ ಗೇಟಿನೊಳಗೆ ಕಾರು ಸಿಕ್ಕಿಕೊಂಡರೆ ಬೆಳಿಗ್ಗೆ ದಂಡ ಕಟ್ಟಬೇಕಾಗುತ್ತದೆ.

ರಸ್ತೆ ಬದಿಯ ಜಾಗ

ಕಾಡಿನ ಮಣ್ಣುರಸ್ತೆಯಲ್ಲಿ ಹೋಗುತ್ತಿದ್ದರೆ ಅಲ್ಲಲ್ಲಿ ಪಕ್ಕಕ್ಕೆ ಸವೆದ ಬಯಲು ಕಾಣುತ್ತದೆ. ಮಧ್ಯದಲ್ಲಿ ಕಲ್ಲು ಜೋಡಿಸಿದ ಒಲೆ, ಸುತ್ತ ತುಳಿದು ಗಟ್ಟಿಯಾದ ನೆಲ. ಕಾರು ನಿಲ್ಲಿಸಿ ಹತ್ತು ಹೆಜ್ಜೆ ಇಟ್ಟರೆ ಟೆಂಟ್ ಹಾಕಬಹುದು.

ಇದರ ಅನುಕೂಲ ಕಡಿಮೆ ಏನಲ್ಲ. ಚಿಕ್ಕ ಮಕ್ಕಳಿದ್ದರೆ, ಮೊಣಕಾಲು ನೋವಿನವರಿದ್ದರೆ, ಮೊದಲ ಸಲ ಹೋಗುತ್ತಿದ್ದರೆ ಇದೇ ಸರಿ. ನೀರು ಎಷ್ಟು ಬೇಕಾದರೂ ಕ್ಯಾನಿನಲ್ಲಿ ತರಬಹುದು. ದಪ್ಪ ಹಾಸಿಗೆ, ಕಂಬಳಿ, ದೊಡ್ಡ ಪಾತ್ರೆ ಎಲ್ಲ ತರಬಹುದು. ಗುಡುಗು ಮಿಂಚು ಶುರುವಾದರೆ ಕಾರೊಳಗೆ ಕೂರಬಹುದು. ಮಿಂಚಿನಿಂದ ಟೆಂಟ್ ಕಾಪಾಡುವುದಿಲ್ಲ, ಗಟ್ಟಿ ಮೇಲ್ಛಾವಣಿ ಇರುವ ಕಾರು ಕಾಪಾಡುತ್ತದೆ. ಮಗುವಿಗೆ ಜ್ವರ ಬಂದರೆ ಹತ್ತು ನಿಮಿಷದಲ್ಲಿ ಹೊರಡಬಹುದು.

ತೊಂದರೆ ಏನಂದರೆ, ನಿಮಗೆ ಕಾರಲ್ಲಿ ಬರಲು ಆದರೆ ಎಲ್ಲರಿಗೂ ಆಗುತ್ತದೆ.

ನನ್ನ ಮೊದಲ ಇಂಥ ರಾತ್ರಿ ಈಗಲೂ ನೆನಪಿದೆ. ಟಾರು ರಸ್ತೆ ಮುಗಿದು ಮಣ್ಣುರಸ್ತೆ ಶುರುವಾದ ಕೂಡಲೇ ಸಿಕ್ಕ ಮೊದಲ ಬಯಲಲ್ಲೇ ಟೆಂಟ್ ಹಾಕಿದೆ. ಜಾಗ ಅಗಲ, ಮಟ್ಟಸ, ಸೊಗಸಾಗಿತ್ತು. ನೆಲ ಹೇಳುತ್ತಿದ್ದದ್ದನ್ನು ನಾನು ಓದಲಿಲ್ಲ. ಒಲೆಯ ಬೂದಿಯಲ್ಲಿ ಅರ್ಧ ಕರಗಿದ ಬಿಯರ್ ಡಬ್ಬಗಳಿದ್ದವು. ಹುಲ್ಲಿನ ನಡುವೆ ಹಸಿರು ಬಾಟಲಿ ಚೂರು, ಹಿತ್ತಾಳೆ ಬಣ್ಣದ ಖಾಲಿ ತೋಟಾ. ಒದ್ದೆ ಮಣ್ಣಲ್ಲಿ ಟೈರು ಗಿರಗಿರನೆ ಸುತ್ತಿದ ವೃತ್ತದ ಗುರುತು. ರಾತ್ರಿ ಹನ್ನೊಂದಕ್ಕೆ ಎರಡು ಗಾಡಿ ಬಂದವು. ಹೆಡ್‌ಲೈಟು ಟೆಂಟಿನ ಬಟ್ಟೆ ದಾಟಿ ಒಳಗೆಲ್ಲ ಬೆಳ್ಳಗಾಯಿತು. ಆಮೇಲೆ ಹಾಡು, ಕೂಗಾಟ. ಅವರು ನನಗೇನೂ ಮಾಡಲಿಲ್ಲ. ಆದರೆ ನನಗೆ ಅಲ್ಲಿ ಇರಲು ಆಗಲಿಲ್ಲ. ಒಂದು ಗಂಟೆಗೆ ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಗೂಟ ಕಿತ್ತು, ಒದ್ದೆ ಟೆಂಟನ್ನು ಹಾಗೇ ಉಂಡೆ ಮಾಡಿ ಡಿಕ್ಕಿಗೆ ತುರುಕಿ ಹೊರಟೆ.

ಆಮೇಲಿಂದ ರಸ್ತೆ ಬದಿಯ ಜಾಗ ಆರಿಸುವಾಗ ನಾನು ಮೊದಲು ನೆಲ ನೋಡುತ್ತೇನೆ. ಗಾಜು, ತೋಟಾ, ಕಸ ಜಾಸ್ತಿ ಇದ್ದರೆ ಅದು ರಾತ್ರಿ ಜನ ಸೇರುವ ಜಾಗ. ಟಾರು ರಸ್ತೆಯಿಂದ ಸಿಗುವ ಮೊದಲ ಮೂರು ನಾಲ್ಕು ಬಯಲನ್ನು ಬಿಟ್ಟುಬಿಡುತ್ತೇನೆ. ಇನ್ನೊಂದು ಊರಿಗೆ ಹೋಗಿ ಸೇರುವ ರಸ್ತೆಗಿಂತ, ಮುಂದೆ ಹೋಗಿ ನಿಂತುಹೋಗುವ ಕವಲು ರಸ್ತೆ ಒಳ್ಳೆಯದು. ಅಲ್ಲಿ ಹಾದುಹೋಗುವವರು ಇರುವುದಿಲ್ಲ. ಕವಲಿನ ಕೊನೆಯ ತನಕ ಹಗಲಲ್ಲೇ ಒಮ್ಮೆ ಹೋಗಿ ನೋಡಬೇಕು. ಕಾರು ತಿರುಗಿಸಲು ಜಾಗ ಇದೆಯಾ ಅಂತ ತಿಳಿದಿರಬೇಕು. ಕಾರಿನ ಮೂತಿ ಹೊರದಾರಿಯ ಕಡೆಗಿರುವ ಹಾಗೆ ನಿಲ್ಲಿಸಬೇಕು. ಎಷ್ಟೇ ಸುಂದರವಾಗಿದ್ದರೂ ಹೊಸದಾಗಿ ಹುಲ್ಲು ತುಳಿದು ಒಳಗೆ ಕಾರು ನುಗ್ಗಿಸಬಾರದು. ಆಗಲೇ ಸವೆದಿರುವ ನೆಲದಲ್ಲೇ ಇರಬೇಕು.

ಗುರುತು ಹಾಕಿದ ಉಚಿತ ಜಾಗ

ಫಿನ್ಲೆಂಡಿನಲ್ಲಿ ಹೆಲ್ಸಿಂಕಿ ಪಕ್ಕದ ನೂಕ್ಸಿಯೊ ರಾಷ್ಟ್ರೀಯ ಉದ್ಯಾನದಲ್ಲಿ ಗುರುತು ಹಾಕಿದ ಜಾಗಗಳಲ್ಲಿ ಮಾತ್ರ ಟೆಂಟ್ ಹಾಕಬಹುದು. ಎಸ್ಟೋನಿಯಾದಲ್ಲಿ ಆರ್‌ಎಂಕೆ ಅನ್ನುವ ಸರ್ಕಾರಿ ಅರಣ್ಯ ಸಂಸ್ಥೆ ಕಾಡಿನ ತುಂಬ ಉಚಿತ ಜಾಗಗಳನ್ನು, ಬೆಂಕಿ ಗುಂಡಿಗಳನ್ನು ನೋಡಿಕೊಳ್ಳುತ್ತದೆ. ಡೆನ್ಮಾರ್ಕಿನ ಎಷ್ಟೋ ಸರ್ಕಾರಿ ಕಾಡುಗಳಲ್ಲಿ ಟೆಂಟ್ ಹಾಕಬಹುದು, ಆದರೆ ಒಂದು ಕಡೆ ಎರಡೇ ಟೆಂಟ್. ಕ್ಯಾಟ್ಸ್‌ಕಿಲ್‌ನಂಥ ಕಡೆ ಮೂರು ಗೋಡೆಯ ಮರದ ಚಾವಡಿಗಳಿವೆ. ನಾಲ್ಕನೇ ಬದಿ ಪೂರ್ತಿ ತೆರೆದಿರುತ್ತದೆ.

ಇಲ್ಲಿ ದೊಡ್ಡ ಲಾಭ ಅಂದರೆ ಅನುಮಾನ ಇಲ್ಲ. ಇಲ್ಲಿ ಮಲಗಬಹುದು ಅಂತ ಯಾರೋ ಆಗಲೇ ತೀರ್ಮಾನ ಮಾಡಿದ್ದಾರೆ. ಬೆಂಕಿಗೆ ಜಾಗ ಇರುತ್ತದೆ, ಕೆಲವು ಕಡೆ ಸೌದೆಯೂ ಗುಂಡಿ ಕಕ್ಕಸೂ ಇರುತ್ತವೆ. ಕಾಡಿಗೂ ಇದು ಒಳ್ಳೆಯದು. ನೂರು ಜನ ನೂರು ಕಡೆ ನೆಲ ಸವೆಸುವ ಬದಲು ಒಂದೇ ಕಡೆ ಸವೆಸುತ್ತಾರೆ. ನಗರದ ಪಕ್ಕದ ಕಾಡುಗಳಿಗೆ ಇದೇ ಸರಿಯಾದ ವ್ಯವಸ್ಥೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಆದರೆ ಮೊದಲು ಬಂದವರಿಗೆ ಮೊದಲು. ಶುಕ್ರವಾರ ಸಂಜೆಗೇ ತುಂಬಿಹೋಗುವುದುಂಟು. ಚಾವಡಿ ಇದೆಯಲ್ಲ ಅಂತ ಟೆಂಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಇನ್ನೊಂದು, ಚಾವಡಿ ಅಂದರೆ ಇಲಿ. ಎಷ್ಟೋ ವರ್ಷದಿಂದ ಜನ ಅಲ್ಲೇ ತಿಂದು ಚೂರು ಉದುರಿಸಿರುತ್ತಾರೆ. ತಿಂಡಿ ಚೀಲದೊಳಗೇ ಬಿಟ್ಟರೆ ಬೆಳಿಗ್ಗೆ ಚೀಲದಲ್ಲಿ ತೂತು ಇರುತ್ತದೆ. ಹಗ್ಗ ಕಟ್ಟಿ ತೂಗುಹಾಕಿ. ಅಪರಿಚಿತರ ಗೊರಕೆ, ಮಾತು ಇವನ್ನೂ ಸಹಿಸಿಕೊಳ್ಳಬೇಕು. ಒಬ್ಬರೇ ಹೋಗುವವರಿಗೆ ಇದೇ ಧೈರ್ಯವೂ ಆಗಬಹುದು. ಪಕ್ಕದಲ್ಲಿ ಇನ್ನೊಂದು ಸಂಸಾರ ಇದೆ ಅನ್ನುವುದು ಮೊದಲ ರಾತ್ರಿ ತುಂಬ ದೊಡ್ಡ ಸಮಾಧಾನ.

ನಡೆದು ಹೋಗಿ ಮಲಗುವುದು

ನಾನು ಈಗ ಬಹುಪಾಲು ಆರಿಸಿಕೊಳ್ಳುವುದು ಇದನ್ನು. ಅರ್ಧ ಮುಕ್ಕಾಲು ಗಂಟೆ, ಎರಡು ಮೂರು ಕಿಲೋಮೀಟರ್. ಅದಕ್ಕಿಂತ ಜಾಸ್ತಿ ಬೇಕಿಲ್ಲ. ಊರ ಪಕ್ಕದ ಕಾಡಿನಲ್ಲಿ ಈ ಎರಡು ಕಿಲೋಮೀಟರಿಗೆ ಇರುವ ಬೆಲೆ ಬೇರೆ ಯಾವ ಸಾಮಾನಿಗೂ ಇಲ್ಲ. ಸ್ಪೀಕರು, ಬಿಯರ್ ಪೆಟ್ಟಿಗೆ ಹೊತ್ತುಕೊಂಡು ಯಾರೂ ಅಷ್ಟು ದೂರ ನಡೆಯುವುದಿಲ್ಲ. ಸವೆದ ನೆಲ, ಕಸ, ಗಾಜು ಎಲ್ಲ ಹಿಂದೆ ಉಳಿಯುತ್ತವೆ. ಅದೇ ಕಾಡು, ಅದೇ ರಾತ್ರಿ, ಆದರೆ ಬೇರೆಯೇ ಜಾಗ.

ಜಾಗ ಹುಡುಕುವಾಗ ನಕ್ಷೆಯಲ್ಲಿ ಬರೀ ದೂರ ನೋಡಬೇಡಿ, ಏರು ತಗ್ಗೂ ನೋಡಿ. ಹೆದ್ದಾರಿಯ ಸದ್ದು ರಾತ್ರಿ ಬಹಳ ದೂರ ಬರುತ್ತದೆ. ಮಟ್ಟಸ ನೆಲದಲ್ಲಿ ಮೂರು ಕಿಲೋಮೀಟರ್ ಒಳಗೆ ಹೋದರೂ ಲಾರಿಗಳ ಭೋರೆನ್ನುವ ಸದ್ದು ಬಿಡುವುದಿಲ್ಲ. ಮಧ್ಯೆ ಒಂದು ಗುಡ್ಡ ಬಂದರೆ ಒಂದು ಕಿಲೋಮೀಟರಿಗೇ ನಿಂತುಹೋಗುತ್ತದೆ. ಗುಡ್ಡದ ಆಚೆ ಇಳಿಜಾರಿನಲ್ಲಿ ಮಟ್ಟಸವಾದ ಸಣ್ಣ ಜಾಗ ಸಿಕ್ಕರೆ ಊರು ಅನ್ನುವುದೇ ಇಲ್ಲವೇನೋ ಅನ್ನಿಸುತ್ತದೆ. ನಗರದ ಬೆಳಕು ಮಾತ್ರ ಆಕಾಶದ ಒಂದು ಬದಿಯಲ್ಲಿ ಕಿತ್ತಳೆ ಬಣ್ಣಕ್ಕೆ ಉಳಿದಿರುತ್ತದೆ.

ಕಾಲುದಾರಿಯಿಂದಲೂ ನೀರಿನಿಂದಲೂ ಸುಮಾರು 60 ಮೀಟರ್ ದೂರ ಇರಿ. ದೊಡ್ಡ ಹೆಜ್ಜೆಯಲ್ಲಿ ಎಪ್ಪತ್ತು. ಒಣ ತರಗೆಲೆ, ಪೈನ್ ಎಲೆ, ಮರಳು, ಒಣ ಹುಲ್ಲು ಇವು ತುಳಿತ ತಡೆಯುತ್ತವೆ. ಪಾಚಿ, ಎಳೆ ಸಸಿ ತಡೆಯುವುದಿಲ್ಲ. ಟೆಂಟ್ ಬಿಚ್ಚುವ ಮೊದಲು ತಲೆ ಎತ್ತಿ ನೋಡಿ. ಒಣಗಿ ನಿಂತ ಮರ, ಮುರಿದು ಕೊಂಬೆಗೆ ಸಿಕ್ಕಿಕೊಂಡ ಟೊಂಗೆ ಮೇಲಿದ್ದರೆ ಆ ಜಾಗ ಬಿಟ್ಟುಬಿಡಿ. ಗಾಳಿ ಇಲ್ಲದ ರಾತ್ರಿಯೂ ಅವು ಬೀಳುತ್ತವೆ. ಪ್ರಾಣಿಗಳ ಬಗ್ಗೆ ಹೆದರುವವರು ಇದನ್ನು ನೋಡುವುದೇ ಇಲ್ಲ.

ಮೊದಲ ರಾತ್ರಿ ಸದ್ದಿಗೆ ಹೆದರಿಕೆ ಆಗುತ್ತದೆ. ಆಗಲೇಬೇಕು. ಒಣ ಎಲೆ ಮೇಲೆ ಇಲಿ ಓಡಿದರೂ ಟೆಂಟಿನೊಳಗೆ ಅದು ದೊಡ್ಡ ಪ್ರಾಣಿಯ ಹೆಜ್ಜೆಯ ಹಾಗೆ ಕೇಳಿಸುತ್ತದೆ. ಸರಸರ, ನಿಲ್ಲುತ್ತದೆ, ಮತ್ತೆ ಸರಸರ. ನಾನು ಒಮ್ಮೆ ಅರ್ಧ ಗಂಟೆ ಉಸಿರು ಹಿಡಿದು ಕೂತಿದ್ದೆ. ಕೊನೆಗೆ ಜಿಪ್ ತೆಗೆದು ಟಾರ್ಚ್ ಬಿಟ್ಟರೆ ನೆಲದಲ್ಲಿ ಹುಳ ಕೆದಕುತ್ತಿದ್ದ ಅಂಗೈ ಗಾತ್ರದ ಕಪ್ಪೆ. ಆದರೆ ಆನೆ, ಕರಡಿ, ಹುಲಿ ಇರುವ ಕಾಡಾದರೆ ಈ ಮಾತು ಅನ್ವಯಿಸುವುದಿಲ್ಲ. ಆನೆ ಹುಲಿ ಇರುವ ಕಡೆ ಹೀಗೆ ಒಬ್ಬೊಬ್ಬರೇ ಹೋಗಿ ಮಲಗುವುದು ಬೇಡವೇ ಬೇಡ. ಕರಡಿ ಇರುವ ಕಡೆ ಅಲ್ಲಿಯವರು ಹೇಳಿದ ಗಟ್ಟಿ ಡಬ್ಬದಲ್ಲೇ ತಿಂಡಿ ಇಡಬೇಕು. ಅದನ್ನೂ ಟೆಂಟಿನಿಂದ 60 ಮೀಟರ್ ಆಚೆ.

ನಡೆದು ಹೋಗುವುದಕ್ಕೂ ಒಂದು ನಷ್ಟ ಇದೆ. ಕಾರು ಕಣ್ಣಿಗೆ ಕಾಣದ ಕಡೆ ಇಡೀ ರಾತ್ರಿ ನಿಂತಿರುತ್ತದೆ. ಊರ ಪಕ್ಕದ ಕಾಡಿನ ಪಾರ್ಕಿಂಗ್‌ನಲ್ಲಿ ಗಾಜು ಒಡೆಯುವುದು ಅಪರೂಪವಲ್ಲ. ಸೀಟಿನ ಮೇಲೆ ಖಾಲಿ ಚೀಲ, ಚಾರ್ಜರ್ ವೈರು ಕೂಡ ಬಿಡಬೇಡಿ. ಸಾಮಾನನ್ನು ಅಲ್ಲಿಗೆ ಹೋದ ಮೇಲೆ ಡಿಕ್ಕಿಗೆ ಹಾಕುವುದಲ್ಲ, ಮನೆಯಲ್ಲೇ ಹಾಕಿಕೊಂಡು ಹೊರಡಿ. ಬಸ್ಸು, ರೈಲು ಇದ್ದರೆ ಇನ್ನೂ ಒಳ್ಳೆಯದು.

ನೀರಿನ ಪಕ್ಕವೋ, ದಿಬ್ಬದ ಮೇಲೋ?

ಎಲ್ಲರಿಗೂ ಹೊಳೆ ಪಕ್ಕ ಮಲಗುವ ಆಸೆ. ನಾನು ಬೇಡ ಅನ್ನುತ್ತೇನೆ. ರಾತ್ರಿ ತಣ್ಣನೆ ಗಾಳಿ ಭಾರವಾಗಿ ತಗ್ಗಿಗೆ ಇಳಿಯುತ್ತದೆ. ಕಣಿವೆಯ ತಳ ಮೇಲಿನ ಇಳಿಜಾರಿಗಿಂತ ಚಳಿ, ಜೊತೆಗೆ ಜಾಸ್ತಿ ತೇವ. ಬೆಳಿಗ್ಗೆ ಟೆಂಟಿನ ಒಳಗೋಡೆ ಮುಟ್ಟಿದರೆ ನೀರು ಹನಿಯುತ್ತದೆ. ಸೊಳ್ಳೆಯೂ ಅಲ್ಲೇ. ಹೊಳೆಯಿಂದ ಹದಿನೈದು ಇಪ್ಪತ್ತು ಮೀಟರ್ ಎತ್ತರಕ್ಕೆ ಹತ್ತಿದರೆ ಸಾಕು, ಒಣ ಟೆಂಟಲ್ಲಿ ಎದ್ದೇಳಬಹುದು. ಪೂರ್ತಿ ತುದಿಗೆ ಹೋಗಬೇಡಿ, ಅಲ್ಲಿ ಗಾಳಿ ಮತ್ತು ಮಿಂಚು. ಮಧ್ಯದ ಇಳಿಜಾರೇ ಚೆನ್ನ.

ನೀರಿನ ವಿಷಯದಲ್ಲಿ ಊರ ಪಕ್ಕದ ಕಾಡಿಗೆ ಒಂದು ವಿಶೇಷ ಎಚ್ಚರಿಕೆ ಇದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಬುರುಬುರು ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕೈಯಲ್ಲಿ ಹಿಂಡುವ ಫಿಲ್ಟರುಗಳು ಬ್ಯಾಕ್ಟೀರಿಯಾ, ಅದಕ್ಕಿಂತ ದೊಡ್ಡ ಪರಾವಲಂಬಿಗಳನ್ನು ತಡೆಯುತ್ತವೆ, ವೈರಸ್ಸನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಫಿಲ್ಟರ್ ಒಳಗೇ ಬಿರುಕು ಬಿಡುತ್ತದೆ, ಹೊರಗೆ ಕಾಣುವುದಿಲ್ಲ. ಚಳಿ ಕಾಲದಲ್ಲಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಬೇಕು. ಇಷ್ಟೆಲ್ಲ ಮಾಡಿದರೂ ಕಾರ್ಖಾನೆ, ಗಣಿ, ಹೊಲದ ಔಷಧಿ, ರಸ್ತೆಯ ಎಣ್ಣೆ ತೊಳೆದುಕೊಂಡು ಬಂದ ನೀರು ಶುದ್ಧ ಆಗುವುದಿಲ್ಲ. ಕುದಿಸುವುದರಿಂದ ರಾಸಾಯನಿಕ ಹೋಗುವುದಿಲ್ಲ. ಊರ ಕಡೆಯಿಂದ ಹರಿದು ಬರುವ ಹೊಳೆಯಾದರೆ ಮುಟ್ಟಲೇಬೇಡಿ. ಒಂದು ರಾತ್ರಿಗೆ ಒಬ್ಬರಿಗೆ ಮೂರು ನಾಲ್ಕು ಲೀಟರ್ ಮನೆಯಿಂದಲೇ ಹೊತ್ತುಕೊಂಡು ಹೋಗಿ. ಎರಡು ಕಿಲೋಮೀಟರ್ ತಾನೇ. ನೀರು ಹೊತ್ತರೆ ಹೊಳೆಯ ಹಂಗಿಲ್ಲ, ಜನ ಬಾರದ ಒಣ ದಿಬ್ಬಗಳೆಲ್ಲ ನಿಮಗೆ ಸಿಗುತ್ತವೆ.

ಟೆಂಟ್, ಹ್ಯಾಮಕ್, ಟಾರ್ಪಾಲು

ಹೊಸಬರಿಗೆ ಟೆಂಟ್. ಸೊಳ್ಳೆ, ಉಣುಗು, ಮಳೆ, ಹೆದರಿಕೆ ನಾಲ್ಕಕ್ಕೂ ಅದೇ ಉತ್ತರ. ಭಾರ, ಮತ್ತು ಮಟ್ಟಸ ನೆಲ ಬೇಕು ಅನ್ನುವುದು ಅದರ ಕೊರತೆ.

ಹ್ಯಾಮಕ್ ಅಂದರೆ ಎರಡು ಮರದ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ. ಇಳಿಜಾರಿನ ಕಾಡಿಗೆ ಹೇಳಿ ಮಾಡಿಸಿದ್ದು. ನೆಲ ಕಲ್ಲಾಗಿರಲಿ, ಒದ್ದೆಯಾಗಿರಲಿ, ಓರೆಯಾಗಿರಲಿ, ನಾಲ್ಕೈದು ಮೀಟರ್ ದೂರದಲ್ಲಿ ಎರಡು ಗಟ್ಟಿ ಜೀವಂತ ಮರ ಸಿಕ್ಕರೆ ಆಯಿತು. ತೊಡೆಯಷ್ಟು ದಪ್ಪ ಇರಬೇಕು. ಹಗ್ಗ ಕಟ್ಟಿದರೆ ತೊಗಟೆ ಸುಲಿಯುತ್ತದೆ, ಒಂದು ಇಂಚಾದರೂ ಅಗಲದ ಪಟ್ಟಿ ಬೇಕು. ಬಿಗಿಯಾಗಿ ಎಳೆದು ಕಟ್ಟುವುದು ಎಲ್ಲರೂ ಮಾಡುವ ತಪ್ಪು. ಪಟ್ಟಿ ಸುಮಾರು 30 ಡಿಗ್ರಿ ಇಳಿಜಾರಿನಲ್ಲಿರಬೇಕು, ಹ್ಯಾಮಕ್ ಬಾಳೆಹಣ್ಣಿನ ಹಾಗೆ ಜೋತುಬೀಳಬೇಕು. ಅದರಲ್ಲಿ ಉದ್ದಕ್ಕೆ ಮಲಗದೆ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಬೆನ್ನು ನೇರ ಆಗುತ್ತದೆ. ಇನ್ನು ಚಳಿ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಿಮ್ಮ ಮೈಭಾರಕ್ಕೆ ಅದುಮಿಹೋಗಿ ಬೆಚ್ಚಗಿಡುವುದಿಲ್ಲ, ಕೆಳಗಿಂದ ಗಾಳಿ ಬೀಸುತ್ತಲೇ ಇರುತ್ತದೆ. ಸೆಖೆಗಾಲದಲ್ಲೂ ಬೆಳಗಿನ ಜಾವ ನಾಲ್ಕಕ್ಕೆ ಸೊಂಟ ಮರಗಟ್ಟಿ ಎಚ್ಚರವಾಗುತ್ತದೆ. ಮೈಯಡಿಯಲ್ಲಿ ಒಂದು ಫೋಮ್ ಮ್ಯಾಟ್ ಹಾಕಿಕೊಳ್ಳಲೇಬೇಕು.

ಟಾರ್ಪಾಲು ಹಗುರ, ಅಗ್ಗ. ಎರಡು ಮರಕ್ಕೆ ಹಗ್ಗ ಕಟ್ಟಿ ಮೇಲೆ ಹಾಕಿ ನಾಲ್ಕು ಮೂಲೆಗೆ ಗೂಟ ಹೊಡೆದರೆ ಮುಗಿಯಿತು. ಮಲಗಿದ್ದಲ್ಲಿಂದಲೇ ಕಾಡು ಕಾಣುತ್ತದೆ. ಆದರೆ ಗಾಳಿ ದಿಕ್ಕು ಬದಲಾದರೆ ಮಳೆ ಒಳಗೆ ಬರುತ್ತದೆ, ಹುಳಕ್ಕೆ ತಡೆ ಇಲ್ಲ. ಉಣುಗು ಇರುವ ಕಾಡಲ್ಲಿ ನಾನು ಟಾರ್ಪಾಲಿನಡಿ ಮಲಗುವುದಿಲ್ಲ. ಯಾವುದರಲ್ಲಿ ಮಲಗಿದರೂ ಬೆಳಿಗ್ಗೆ ಮಂಡಿ ಹಿಂಭಾಗ, ಕಂಕುಳು, ಸೊಂಟ, ಕಿವಿ ಹಿಂದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಬೇಕು. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ.

ಬೆಂಕಿಯೋ, ಗ್ಯಾಸೋ?

ಬೆಂಕಿ ಇಲ್ಲದೆ ಎಂಥ ಕ್ಯಾಂಪಿಂಗ್ ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ನನಗೂ ಕೆಂಡ ನೋಡುತ್ತಾ ಕೂರುವುದು ಇಷ್ಟ. ಆದರೆ ಊರ ಪಕ್ಕದ ಕಾಡಿಗೆ ನನ್ನ ಆಯ್ಕೆ ಗ್ಯಾಸ್ ಸ್ಟೌ. ಗುರುತು ಹಾಕಿದ ಜಾಗದಲ್ಲಿ ಬೆಂಕಿ ಗುಂಡಿ ಇದ್ದು, ಅನುಮತಿಯೂ ಇದ್ದರೆ ಮಾತ್ರ ಬೆಂಕಿ. ನಾರ್ವೆಯಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನ ಒಳಗೆ, ಪಕ್ಕದಲ್ಲಿ ಬೆಂಕಿ ಹಾಕುವುದಕ್ಕೆ ಸಾಮಾನ್ಯವಾಗಿ ನಿಷೇಧ ಇದೆ. ಮಲಗುವ ಹಕ್ಕು ಅಷ್ಟು ಧಾರಾಳವಾಗಿರುವ ದೇಶದಲ್ಲೂ! ಸ್ಟಾಕ್‌ಹೋಮ್ ಪಕ್ಕದಲ್ಲಿರುವ, ಸ್ವೀಡನ್ನಿನ ಟೈರೆಸ್ಟಾ ಕಾಡಿನಲ್ಲಿ 1999ರಲ್ಲಿ ಬಿದ್ದ ಬೆಂಕಿ ಸುಮಾರು 450 ಹೆಕ್ಟೇರ್ ಹಳೆಯ ಕಾಡನ್ನು ಸುಟ್ಟಿತು.

ಬೆಂಕಿ ಕಣ್ಣಿಗೆ ಆರಿದ ಹಾಗೆ ಕಂಡರೂ ತರಗೆಲೆಯ ಅಡಿಯಲ್ಲಿ, ಬೇರಿನಲ್ಲಿ ಹೊಗೆಯಾಡುತ್ತಾ ಹೋಗಿ ಬೇರೆಲ್ಲೋ ಏಳುತ್ತದೆ. ಆರಿಸುವ ಕ್ರಮ ಒಂದೇ. ನೀರು ಸುರಿದು, ಕಡ್ಡಿಯಲ್ಲಿ ಕಲಸಿ, ಮತ್ತೆ ನೀರು ಸುರಿದು, ಬರಿಗೈಯನ್ನು ಬೂದಿಯ ಹತ್ತಿರ ತಂದು, ಆಮೇಲೆ ಒಳಗೆ ಇಟ್ಟು ನೋಡಬೇಕು. ಬೆಚ್ಚಗಿದ್ದರೂ ಆರಿಲ್ಲ ಅಂತಲೇ ಅರ್ಥ. ನೀರು ಹೊತ್ತುಕೊಂಡು ಹೋದ ದಿಬ್ಬದ ಮೇಲೆ ಅಷ್ಟು ನೀರು ಎಲ್ಲಿಂದ ತರುತ್ತೀರಿ? ಅದಕ್ಕೇ ಗ್ಯಾಸ್. ಚಳಿ ಕಾಲದಲ್ಲಿ ಬರೀ ಬ್ಯೂಟೇನ್ ಡಬ್ಬ ತರಬೇಡಿ, ಸೊನ್ನೆ ಡಿಗ್ರಿ ಹತ್ತಿರ ಅದು ಆವಿಯಾಗುವುದೇ ನಿಲ್ಲುತ್ತದೆ. ಐಸೊಬ್ಯೂಟೇನ್, ಪ್ರೊಪೇನ್ ಬೆರೆಸಿದ ಡಬ್ಬ ಇನ್ನೂ ಚಳಿಯಲ್ಲೂ ಉರಿಯುತ್ತದೆ. ಸ್ಪಿರಿಟ್ ಸ್ಟೌಗೆ ಆರಿಸುವ ತಿರುಗಣೆ ಇರುವುದಿಲ್ಲ, ಹಾಗಾಗಿ ಬೆಂಕಿ ನಿಷೇಧ ಇರುವಾಗ ಹಲವು ಕಾಡುಗಳಲ್ಲಿ ಅದಕ್ಕೂ ಅವಕಾಶವಿಲ್ಲ.

ಕಕ್ಕಸಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದು ಪುಟ್ಟ ಸಲಿಕೆ ಬೇಕು. 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ನೀರು, ದಾರಿ, ಟೆಂಟು ಮೂರರಿಂದಲೂ 60 ಮೀಟರ್ ದೂರ. ಕಾಗದ ಹೂಳದೆ ಚೀಲದಲ್ಲಿ ವಾಪಸ್ ತನ್ನಿ. ಜನ ಜಾಸ್ತಿ ಬರುವ ಕಾಡಿನಲ್ಲಿ ಇದೊಂದನ್ನು ಸರಿಯಾಗಿ ಮಾಡದವರಿಂದಲೇ ಎಷ್ಟೋ ಜಾಗ ಹಾಳಾಗಿವೆ.

ಹಾಗಾದರೆ ಯಾರಿಗೆ ಯಾವುದು?

ಐದು ವರ್ಷದ ಮಗು ಜೊತೆಗಿದ್ದರೆ ಗುರುತು ಹಾಕಿದ ಜಾಗ. ಅದು ಸಿಗದಿದ್ದರೆ ರಸ್ತೆ ಬದಿ, ಆದರೆ ಕವಲು ರಸ್ತೆಯ ಕೊನೆಯಲ್ಲಿ, ಬೆಳಕಿರುವಾಗಲೇ ತಲುಪಿ. ಒಬ್ಬರೇ, ಮೊದಲ ಸಲ ಹೊರಟಿದ್ದರೆ ಚಾವಡಿ ಇರುವ ಕಡೆ ಹೋಗಿ, ಪಕ್ಕದಲ್ಲಿ ಟೆಂಟ್ ಹಾಕಿ. ಕೆಲಸ ಮುಗಿಸಿ ಹೊರಡುವಾಗಲೇ ಕತ್ತಲಾಗುತ್ತದೆ ಅನ್ನುವವರು ನಡೆದು ಹೋಗುವ ಜಾಗ ಹುಡುಕಬೇಡಿ. ಹೊಸ ಕಾಡಲ್ಲಿ ಕತ್ತಲಲ್ಲಿ ಒಳ್ಳೆ ಜಾಗ ಸಿಗುವುದಿಲ್ಲ, ಮೇಲಿನ ಒಣ ಕೊಂಬೆಯೂ ಕಾಣುವುದಿಲ್ಲ. ಸೂರ್ಯ ಮುಳುಗುವ ಎರಡು ಗಂಟೆ ಮೊದಲು ಅಲ್ಲಿರಬೇಕು. ಎರಡು ಮೂರು ಸಲ ಮಲಗಿ ಬಂದಿದ್ದೀರಿ, ಎಂಟು ಹತ್ತು ಕಿಲೋ ಹೊರಬಲ್ಲಿರಿ, ಸುಮ್ನೆ ಕೂರುವುದು ಇಷ್ಟ ಅನ್ನುವುದಾದರೆ ಯೋಚನೆಯೇ ಬೇಡ, ನಡೆಯಿರಿ.

ನಿರ್ಧಾರ ಆಗದಿದ್ದರೆ ನಾನು ಮಾಡಿದ ಹಾಗೆ ಮಾಡಿ. ಮೊದಲು ಒಂದು ಹಗಲು ಟೆಂಟ್ ಇಲ್ಲದೆ ಹೋಗಿ ಬನ್ನಿ. ಅರ್ಧ ಗಂಟೆ ನಡೆದು, ಗುಡ್ಡದ ಆಚೆ ಬದಿಯಲ್ಲಿ ಮಟ್ಟಸವಾದ ಎರಡು ಜಾಗ ಗುರುತು ಮಾಡಿಕೊಳ್ಳಿ. ಒಂದರಲ್ಲಿ ಆಗಲೇ ಯಾರಾದರೂ ಇದ್ದರೆ ಇನ್ನೊಂದು ಬೇಕಾಗುತ್ತದೆ. ಫೋನಿನ ಸಿಗ್ನಲ್ ಎಲ್ಲಿ ನಿಲ್ಲುತ್ತದೆ ನೋಡಿ, ನಕ್ಷೆ ಇಳಿಸಿಟ್ಟುಕೊಳ್ಳಿ. ನೆಲದ ಮೇಲೆ ಮಲಗಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳಿ, ರಸ್ತೆ ಕೇಳಿಸುತ್ತದಾ ಅಂತ. ಅಡಿಯಲ್ಲಿ ಯಾವ ಬೇರು ಒತ್ತುತ್ತದೆ ಅಂತಲೂ ಆಗಲೇ ತಿಳಿಯುತ್ತದೆ. ಮುಂದಿನ ಶನಿವಾರ ಚೀಲ ಹೊತ್ತು ಹೊರಡುವಾಗ, ಮನೆಯಲ್ಲಿ ಒಬ್ಬರಿಗೆ ಆ ಎರಡು ಜಾಗದ ಗುರುತು ಕಳಿಸಿ, ಭಾನುವಾರ ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಗಾಬರಿಯಾಗಬೇಕು ಅಂತ ಬರೆದುಕೊಟ್ಟು ಹೋಗಿ.